ಹೂ ಅರಳಿರುವ ಹೊತ್ತು



ಇವತ್ತಿನ ಮಾತು ಕೀಟಗಳ ಬಗ್ಗೆ. ಕೀಟ ಎಂದ ಕೂಡಲೇ ಮನೆಯಲ್ಲಿರುವವರಿಗೆ ಸೊಳ್ಳೆ, ನೊಣ, ಜಿರಳೆ ನೆನಪಾಗುತ್ತವೆ. ಹೊಲದಲ್ಲಿರುವವರಿಗೆ ಕಾಯಿಕೊರಕ, ಸಸ್ಯಹೇನು, ಸೈನಿಕ ಹುಳು ನೆನಪಾಗುತ್ತವೆ. ಆದರೆ ವಿಜ್ಞಾನಿಗಳು ಈವರೆಗೆ ಗುರುತಿಸಿ ಹೆಸರಿಟ್ಟಿರುವ ಕೀಟಗಳು ಸುಮಾರು 10 ಲಕ್ಷ ಬಗೆ. ಅವುಗಳಲ್ಲಿ ನಮಗೆ ಕಾಟ ಕೊಡುವವು ತೀರಾ ಕಡಿಮೆ. ಉಳಿದವುಗಳಲ್ಲಿ ಎಷ್ಟೋ ಕೀಟಗಳು ನಮ್ಮ ಅನ್ನಕ್ಕಾಗಿ ದುಡಿಯುತ್ತವೆ. ಹಾಗೆ ದುಡಿಯುವ ಕೀಟಗಳು ಕಡಿಮೆಯಾಗುತ್ತಿವೆ. ಅವು ಏಕೆ ಕಡಿಮೆಯಾಗುತ್ತಿವೆ? ಅವುಗಳನ್ನು ಉಳಿಸಿಕೊಳ್ಳುವುದು ಹೇಗೆ? ಇದೇ ಇವತ್ತಿನ ವಿಷಯ.

ವಿಷಯ ದೊಡ್ಡದು, ನಮಗಿರುವ ಸಮಯ ಸಣ್ಣದು. ಹಾಗಾಗಿ ಒಂದೇ ಎಳೆ ಹಿಡಿದು ಹೋಗೋಣ. ಹೂ ಅರಳಿರುವ ಹೊತ್ತು, ಅದೇ ಆ ಎಳೆ. ಹೂವು ಕೀಟಕ್ಕಾಗಿ ಕಾಯುವ ಹೊತ್ತು ಬಹಳ ಚಿಕ್ಕದು. ಆ ಚಿಕ್ಕ ಹೊತ್ತಿನಲ್ಲಿ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ಹಲವು ಬೆಳೆಗಳ ಫಸಲು ನಿಂತಿದೆ.

ಮೊದಲಿಗೆ ಒಂದು ಕುಂಬಳ ಬಳ್ಳಿಯ ಹತ್ತಿರ ಹೋಗೋಣ. ಹಿತ್ತಲಲ್ಲಿ ಬಳ್ಳಿ ಹಬ್ಬಿಸಿದವರಿಗೆ ಇದು ಗೊತ್ತಿರುವ ಸಂಗತಿ. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವು ಉದ್ದ ತೊಟ್ಟಿನ ಮೇಲೆ ನೆಟ್ಟಗೆ ನಿಂತಿರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ದಪ್ಪದ ಪುಟ್ಟ ಈಚು ಇರುತ್ತದೆ. ಎರಡೂ ನಸುಕಿನಲ್ಲೇ ಅರಳುತ್ತವೆ. ಮಧ್ಯಾಹ್ನದೊಳಗೆ ಎರಡೂ ಮುದುಡುತ್ತವೆ. ಗಂಡು ಹೂವಿನ ಪರಾಗ ಅಂಟಂಟು, ಭಾರ. ಗಾಳಿ ಅದನ್ನು ಹೊತ್ತೊಯ್ಯಲಾರದು. ಜೇನೋ ದುಂಬಿಯೋ ಬಂದು, ಮೈಗೆಲ್ಲ ಪರಾಗ ಮೆತ್ತಿಕೊಂಡು, ಹೆಣ್ಣು ಹೂವಿಗೆ ಹೋಗಿ ಕೂರಬೇಕು. ಒಂದು ಸಲ ಬಂದು ಹೋದರೆ ಸಾಲದು, ಮತ್ತೆ ಮತ್ತೆ ಬರಬೇಕು. ಯಾರೂ ಬರದಿದ್ದರೆ ಆ ಈಚು ಎರಡು ಮೂರು ದಿನಗಳಲ್ಲಿ ಹಳದಿಯಾಗಿ ಉದುರಿಬಿಡುತ್ತದೆ. ಬಂದವು ಕಡಿಮೆಯಾದರೆ ಕಾಯಿ ಒಂದು ಪಕ್ಕ ಬೆಳೆದು ಇನ್ನೊಂದು ಪಕ್ಕ ಸೊರಗುತ್ತದೆ. ಸೌತೆಕಾಯಿ ಸೊಟ್ಟಗಾಗುವುದಕ್ಕೂ ಎಷ್ಟೋ ಸಲ ಇದೇ ಕಾರಣ. ನಾವು ಗೊಬ್ಬರ ಸಾಲಲಿಲ್ಲ ಎಂದುಕೊಳ್ಳುತ್ತೇವೆ. ಸಾಲದೆ ಹೋದದ್ದು ಜೇನು.

ಈಗ ಬದನೆ ಹೂವನ್ನು ನೋಡೋಣ. ನೇರಳೆ ಬಣ್ಣದ ಎಸಳುಗಳ ನಡುವೆ ಹಳದಿಯ ಕೇಸರಗಳು ಒತ್ತಾಗಿ ನಿಂತಿರುತ್ತವೆ. ಪರಾಗ ಅವುಗಳ ಒಳಗಿದೆ. ಹೊರಗೆ ಬರಲು ತುದಿಯಲ್ಲಿ ಸೂಜಿ ಮೊನೆಯಷ್ಟು ರಂಧ್ರ ಮಾತ್ರ ಇದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಅದನ್ನು ಉದುರಿಸುವ ವಿದ್ಯೆ ಗೊತ್ತಿಲ್ಲ. ಆ ವಿದ್ಯೆ ಗೊತ್ತಿರುವುದು ನೀಲಿ ಪಟ್ಟೆಯ ಒಂಟಿ ಜೇನಿಗೆ, ಒಣಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿಗೆ. ಅದು ಬಂದು ಹೂವನ್ನು ತಬ್ಬಿಕೊಳ್ಳುತ್ತದೆ. ರೆಕ್ಕೆ ಆಡಿಸದೆಯೇ ರೆಕ್ಕೆಯ ಸ್ನಾಯುಗಳನ್ನು ಜೋರಾಗಿ ಕಂಪಿಸುತ್ತದೆ. ಹತ್ತಿರ ನಿಂತರೆ ಗುಂಯ್ ಎಂಬ ಸದ್ದು ಕಿವಿಗೆ ಬೀಳುತ್ತದೆ. ಆ ಕಂಪನಕ್ಕೆ ಪರಾಗ ಪುಡಿಪುಡಿಯಾಗಿ ಉದುರುತ್ತದೆ. ಟೊಮೆಟೊ ಹೂವಿನಲ್ಲಿಯೂ ನಡೆಯುವುದು ಇದೇ ಕೆಲಸ. ನಾಳೆ ಬೆಳಿಗ್ಗೆ ಬದನೆ ಗಿಡದ ಪಕ್ಕ ಐದು ನಿಮಿಷ ನಿಂತು ಕೇಳಿ. ಆ ಸದ್ದು ಕೇಳಿಸಿದರೆ ನಿಮ್ಮ ಹಿತ್ತಲು ಇನ್ನೂ ಜೀವಂತವಾಗಿದೆ ಎಂದರ್ಥ.

ಒಟ್ಟು ಲೆಕ್ಕ ಹೀಗಿದೆ. 2016ರಲ್ಲಿ ವಿಶ್ವಸಂಸ್ಥೆಯ ಬೆಂಬಲದಿಂದ ನಡೆಯುವ ಅಂತರ ಸರ್ಕಾರಿ ಜೀವವೈವಿಧ್ಯ ವೇದಿಕೆಯೊಂದು ಪರಾಗಸ್ಪರ್ಶದ ಬಗ್ಗೆ ವರದಿ ಕೊಟ್ಟಿತು. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ನಾಲ್ಕಕ್ಕೆ ಮೂರು ಬೆಳೆಗಳು ಸ್ವಲ್ಪವಾದರೂ ಪ್ರಾಣಿಗಳ ಪರಾಗಸ್ಪರ್ಶವನ್ನು ನೆಚ್ಚಿಕೊಂಡಿವೆ ಎಂದು ಅದು ಹೇಳಿತು. ಆ ಪ್ರಾಣಿಗಳಲ್ಲಿ ಬಹುಪಾಲು ಕೀಟಗಳು. ರಾಗಿ, ಭತ್ತ, ಜೋಳ ಗಾಳಿಯಿಂದಲೋ ತಮ್ಮದೇ ಪರಾಗದಿಂದಲೋ ಕಾಳು ಕಟ್ಟುತ್ತವೆ. ಅದು ನಿಜ. ಆದರೆ ಬರೀ ಅನ್ನ ಮುದ್ದೆಯಿಂದ ಊಟವಾಗದು. ಸಾರಿನೊಳಗಿನ ತರಕಾರಿ, ಒಗ್ಗರಣೆಯ ಎಣ್ಣೆ, ತಟ್ಟೆಯಂಚಿನ ಹಣ್ಣು ಇವುಗಳಲ್ಲೆಲ್ಲ ಕೀಟದ ಪಾಲಿದೆ.

ಇದುವರೆಗೆ ಹೇಳಿದ್ದು ಇಷ್ಟು. ಹೂವು ಕಾಯುವ ಹೊತ್ತು ಚಿಕ್ಕದು. ಆ ಹೊತ್ತಿಗೆ ಸರಿಯಾದ ಕೀಟ ಬರಬೇಕು. ಒಂದು ಹೂವಿಗೆ ಬರುವ ಕೀಟ ಇನ್ನೊಂದು ಹೂವಿನ ಕೆಲಸವನ್ನು ಮಾಡಲಾರದೆ ಹೋಗಬಹುದು.

ಹಾಗಾದರೆ ಕೀಟ ಬರಲೇ ಇಲ್ಲ ಎಂದುಕೊಳ್ಳಿ, ಆಗ ಏನಾಗುತ್ತದೆ? ಇದಕ್ಕೆ ಉತ್ತರ ಊಹಿಸಬೇಕಾಗಿಲ್ಲ. ನಮ್ಮ ಮಲೆನಾಡು, ಕರಾವಳಿಯ ರೈತರು ಅದನ್ನು ಕೈಯಾರೆ ಅನುಭವಿಸಿದ್ದಾರೆ. ನಾನು ಹೇಳುತ್ತಿರುವುದು ವೆನಿಲಾ ಬೆಳೆಯ ಮಾತು.

ವೆನಿಲಾ ಮೆಕ್ಸಿಕೊ ಕಡೆಯ ಬಳ್ಳಿ. ಅದು ಆರ್ಕಿಡ್ ಜಾತಿಗೆ ಸೇರಿದ್ದು. ಅದರ ಹೂವಿನಲ್ಲಿ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳ್ಳನೆಯ ಪರದೆ ಇದೆ. ತವರಿನಲ್ಲಿ ಅಲ್ಲಿನ ಜೇನುಗಳು ಆ ಪರದೆ ದಾಟಿ ಪರಾಗ ಮುಟ್ಟಿಸುತ್ತವೆ. ಬೇರೆ ದೇಶಗಳಿಗೆ ಬಳ್ಳಿ ಹೋಯಿತು, ಜೇನು ಹೋಗಲಿಲ್ಲ. ಬಳ್ಳಿ ಸೊಂಪಾಗಿ ಬೆಳೆಯಿತು, ಹೂ ಬಿಟ್ಟಿತು. ಕಾಯಿ ಮಾತ್ರ ಕಚ್ಚಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹುಡುಗ ಒಂದು ದಾರಿ ಕಂಡುಹಿಡಿದ. ಅವನಿಗೆ ಆಗ ಸುಮಾರು 12 ವರ್ಷ. ಅವನು ತೋಟದ ಮಾಲೀಕನ ಗುಲಾಮ. ಸಣ್ಣ ಕಡ್ಡಿಯಿಂದ ಪರದೆಯನ್ನು ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತುವುದು ಅವನ ವಿಧಾನ. ಇಂದಿಗೂ ಜಗತ್ತಿನ ವೆನಿಲಾ ತೋಟಗಳಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಅದೇ.

2000ದ ಆಸುಪಾಸಿನ ವರ್ಷಗಳಲ್ಲಿ ವೆನಿಲಾಕ್ಕೆ ಬೆಲೆ ಬಂತು. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಬಳ್ಳಿ ಹಬ್ಬಿತು. ಹೂವಿನ ಕಾಲ ಬಂದರೆ ಮನೆಮಂದಿಯೆಲ್ಲ ಬೆಳಗಾಗುತ್ತಲೇ ತೋಟದಲ್ಲಿರಬೇಕಿತ್ತು. ವೆನಿಲಾ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಒಂದು ಗೊಂಚಲಿನಲ್ಲಿ ದಿನಕ್ಕೆ ಒಂದೋ ಎರಡೋ ಹೂವು ಅರಳುತ್ತವೆ. ಒಂದು ದಿನ ತಪ್ಪಿದರೆ ಆ ದಿನದ ಕಾಯಿ ತಪ್ಪಿತು. ಅಡುಗೆ ಕೆಲಸ ಬಿಟ್ಟು, ಹಾಲು ಕರೆಯುವುದನ್ನು ಬೇಗ ಮುಗಿಸಿ, ಹೆಂಗಸರು ಕೈಯಲ್ಲಿ ಕಡ್ಡಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಹೋಗುತ್ತಿದ್ದರು. ಒಂದು ಹೂವಿಗೆ ಒಂದು ಸಲ ಬಗ್ಗಬೇಕು, ಒಂದು ಸಲ ಮುಟ್ಟಬೇಕು. ಮುಟ್ಟಿದ ಹೂವಿಗೆ ಒಂದೇ ಕಾಯಿ. ಬೆಲೆ ಇದ್ದಾಗ ಆ ಶ್ರಮಕ್ಕೆ ಅರ್ಥವಿತ್ತು. ಬೆಲೆ ಬಿದ್ದ ಮೇಲೆ ಆ ಕೂಲಿ ಯಾರಿಗೂ ಪೂರೈಸಲಿಲ್ಲ.

ಕೇಳುಗರೇ, ಇದನ್ನು ನಾನು ಏಕೆ ಇಷ್ಟು ವಿವರವಾಗಿ ಹೇಳಿದೆ? ಒಂದು ಕೀಟ ಇಲ್ಲದಿದ್ದರೆ ಅದರ ಕೆಲಸ ನಮ್ಮ ಕೈಗೆ ಬರುತ್ತದೆ. ವೆನಿಲಾದಂಥ ದುಬಾರಿ ಬೆಳೆಗೆ ಕೆಲವು ವರ್ಷ ಆ ಕೆಲಸ ಮಾಡಿದೆವು. ಸೂರ್ಯಕಾಂತಿಗೆ ಮಾಡಲಾದೀತೇ? ಒಂದು ಸೂರ್ಯಕಾಂತಿ ತೆನೆಯಲ್ಲಿ ನೂರಾರು, ಕೆಲವು ಸಲ ಸಾವಿರಕ್ಕೂ ಹೆಚ್ಚು ಪುಟ್ಟ ಹೂವುಗಳಿರುತ್ತವೆ. ಅಂಚಿನಿಂದ ನಡುವಿನ ಕಡೆಗೆ ದಿನದಿನಕ್ಕೆ ಸುತ್ತು ಸುತ್ತಾಗಿ ಅರಳುತ್ತವೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಗದಗದ ಎರೆ ಹೊಲಗಳಲ್ಲಿ ಅಂಥ ತೆನೆಗಳು ಎಷ್ಟೆಂದು ಎಣಿಸೋಣ? ಜೇನು ಬಾರದಿದ್ದರೆ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಏಲಕ್ಕಿಗೆ ಮಾಡಲಾದೀತೇ? ಅದರ ಹೂವು ನೆಲಮಟ್ಟದಲ್ಲಿ ನಸುಕಿಗೆ ಅರಳಿ ಅದೇ ದಿನ ಬಾಡುತ್ತದೆ. ರೋಬಸ್ಟಾ ಕಾಫಿಗೆ ಮಾಡಲಾದೀತೇ? ಅದು ತನ್ನ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದ ಒಂದು ವಾರ ಹತ್ತು ದಿನಕ್ಕೆ ಕೊಡಗಿನ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಎರಡು ಮೂರು ದಿನಕ್ಕೆ ಆ ಹೂವು ಮುಗಿಯುತ್ತದೆ. ಆ ದಿನಗಳಲ್ಲಿ ಗಾಳಿಯ ಜೊತೆ ಹೆಜ್ಜೇನು, ತುಡುವೆ, ಮುಜಂಟಿ ಜೇನುಗಳು ಮುಗಿಬಿದ್ದು ಕೆಲಸ ಮಾಡುತ್ತವೆ. ಯಾವ ಕೂಲಿಪಡೆಯೂ ಅಷ್ಟು ಕೆಲಸವನ್ನು ಅಷ್ಟು ಬೇಗ ಮಾಡಲಾರದು.

ಇಲ್ಲಿಗೆ ಎರಡು ಮಾತು ಸ್ಪಷ್ಟವಾಯಿತು. ಹೂವಿನ ಹೊತ್ತು ಚಿಕ್ಕದು. ಕೀಟ ತಪ್ಪಿದರೆ ಅದರ ಕೆಲಸ ನಮ್ಮಿಂದ ಆಗದು. ಈಗ ಮೂರನೆಯ ಪ್ರಶ್ನೆಗೆ ಬರೋಣ. ಕೀಟಗಳು ನಿಜಕ್ಕೂ ಕಡಿಮೆಯಾಗಿವೆಯೇ?

ಜರ್ಮನಿಯ ಕ್ರೆಫೆಲ್ಡ್ ಎಂಬ ಊರಿನಲ್ಲಿ ಕೀಟಾಸಕ್ತರ ಒಂದು ಸಂಘವಿದೆ. ಅದರ ಸದಸ್ಯರು 1989ರಿಂದ ಒಂದು ಕೆಲಸ ಹಿಡಿದರು. ಸಂರಕ್ಷಿತ ಪ್ರದೇಶಗಳಲ್ಲಿ ಬಟ್ಟೆಯ ಗುಡಾರದಂಥ ಬಲೆ ಕಟ್ಟಿ, ಅದರೊಳಗೆ ಬಂದು ಬೀಳುವ ಹಾರುವ ಕೀಟಗಳನ್ನೆಲ್ಲ ತೂಗಿ ಬರೆದಿಟ್ಟರು. 27 ವರ್ಷಗಳಲ್ಲಿ 60ಕ್ಕೂ ಹೆಚ್ಚು ಜಾಗಗಳ ಲೆಕ್ಕ ಸೇರಿತು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೀಟಗಳ ತೂಕ ನಾಲ್ಕರಲ್ಲಿ ಮೂರು ಪಾಲು ಇಳಿದಿತ್ತು. ಅದೂ ಕಾನೂನಿನ ರಕ್ಷಣೆ ಇರುವ ಜಾಗಗಳಲ್ಲಿ.

2020ರಲ್ಲಿ ಇನ್ನೊಂದು ತಂಡ ಜಗತ್ತಿನ ನಾನಾ ಕಡೆಯ 160ಕ್ಕೂ ಹೆಚ್ಚು ದೀರ್ಘಕಾಲದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ನೆಲದ ಮೇಲಿನ ಕೀಟಗಳು ಹತ್ತು ವರ್ಷಕ್ಕೆ ಸುಮಾರು ಶೇಕಡ 9ರಂತೆ ಇಳಿಯುತ್ತಿವೆ ಎಂದು ಅದು ಕಂಡಿತು. ಅದೇ ಲೆಕ್ಕದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇತ್ತು. ಹೊಳೆ, ಕೆರೆಯ ನೀರಿನಲ್ಲಿ ಬದುಕುವ ಕೀಟಗಳು ಹತ್ತು ವರ್ಷಕ್ಕೆ ಸುಮಾರು ಶೇಕಡ 11ರಂತೆ ಏರಿದ್ದವು. ಕಾನೂನು ತಂದು ನೀರನ್ನು ಶುದ್ಧ ಮಾಡಿದ್ದು ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಹೇಳಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಮಗೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ವರ್ಷ ವರ್ಷ ಕೀಟಗಳನ್ನು ತೂಗಿ ಬರೆದಿಟ್ಟ ಅಂಥ ಪುಸ್ತಕಗಳಿಲ್ಲ. ಆದರೆ ನಮ್ಮ ಜನರಿಗೆ ಅನುಭವವಿದೆ. 1991-92ರಲ್ಲಿ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತಗುಲಿತು. ಮರಿಹುಳುಗಳು ಕೋಶ ಕಟ್ಟುವ ಮೊದಲೇ ನೀರು ತುಂಬಿಕೊಂಡು ಸತ್ತವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಜೇನುಪೆಟ್ಟಿಗೆಗಳು ಸಾಲು ಸಾಲಾಗಿ ಬರಿದಾದವು. ಅಂದು ಎಷ್ಟೋ ಕುಟುಂಬಗಳು ಜೇನುಸಾಕಣೆಯನ್ನೇ ಬಿಟ್ಟವು. ರೋಗ ತಡೆದುಕೊಂಡು ಉಳಿದ ಅಷ್ಟಿಷ್ಟು ಸಂಸಾರಗಳಿಂದ ತುಡುವೆ ನಿಧಾನವಾಗಿ ಚೇತರಿಸಿತು. ಆ ಉಳಿದ ಸಂಸಾರಗಳು ಕಾಡಿನಲ್ಲಿ, ಮರದ ಪೊಟರೆಯಲ್ಲಿ ಇಲ್ಲದೆ ಹೋಗಿದ್ದರೆ ಚೇತರಿಕೆ ಇನ್ನೂ ಕಷ್ಟವಾಗುತ್ತಿತ್ತು.

ರೋಗ ಒಂದು ಕಾರಣ. ಆದರೆ ರೋಗ ಯಾವಾಗಲೂ ಇರುವುದಿಲ್ಲ. ನಿತ್ಯವೂ ಇರುವ ಕಾರಣಗಳು ನಾಲ್ಕು. ವಿಷ, ಹಸಿವು, ಮನೆ ಇಲ್ಲದಿರುವುದು, ರಾತ್ರಿಯ ಬೆಳಕು. ಒಂದೊಂದಾಗಿ ನೋಡೋಣ.

ಮೊದಲನೆಯದು ವಿಷ. ಕಾಸರಗೋಡು ಜಿಲ್ಲೆಯ ಗೋಡಂಬಿ ಗುಡ್ಡಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ಆ ಕೀಟ ಗೋಡಂಬಿಯ ಚಿಗುರಿಗೂ ಹೂವಿಗೂ ಬರುತ್ತದೆ. ಹಾಗಾಗಿ ಹೂವಿನ ಕಾಲದಲ್ಲೂ ವಿಷ ಸುರಿಯಿತು. ಪಡ್ರೆ, ಎಣ್ಮಕಜೆಯಂಥ ಹಳ್ಳಿಗಳ ಜನರಿಗೆ, ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಜನರಿಗೆ ಅದರ ಫಲ ಮಕ್ಕಳ ಮೈಮೇಲೆ ಕಂಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ಬಳಕೆಯನ್ನು ತಡೆಯಿತು. ಕೀಟಕ್ಕೆಂದು ಸುರಿದ ವಿಷ ಕೀಟದಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಆ ಹಳ್ಳಿಗಳು ಸಾಕ್ಷಿ.

ಈಗ ಬಂದಿರುವ ಕೆಲವು ಔಷಧಿಗಳು ಇನ್ನೊಂದು ಬಗೆಯವು. ಅವುಗಳಿಗೆ ಅಂತರ್ವ್ಯಾಪಿ ಎಂದು ಹೆಸರು. ಬೀಜಕ್ಕೆ ಲೇಪಿಸಿದರೂ ಎಲೆಗೆ ಸಿಂಪಡಿಸಿದರೂ ಅವು ಗಿಡದ ರಸದಲ್ಲಿ ಸೇರಿ ಎಲ್ಲ ಕಡೆ ಹರಡುತ್ತವೆ. ಹೂವಿನ ಮಕರಂದಕ್ಕೂ ಪರಾಗಕ್ಕೂ ಬರುತ್ತವೆ. ಇಮಿಡಾಕ್ಲೋಪ್ರಿಡ್ ಅಂಥದ್ದು, ಥಯಾಮೆಥಾಕ್ಸಾಮ್ ಅಂಥದ್ದು. ಜೇನು ಕೂಡಲೇ ಸಾಯದಿದ್ದರೂ ಗೂಡಿಗೆ ಮರಳುವ ದಾರಿ ತಪ್ಪುತ್ತದೆ. 2018ರಲ್ಲಿ ಯುರೋಪಿನ ಒಕ್ಕೂಟ ಈ ಗುಂಪಿನ ಮೂರು ಔಷಧಿಗಳನ್ನು ಬಯಲು ಹೊಲಗಳಲ್ಲಿ ಬಳಸದಂತೆ ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಅವು ಈಗಲೂ ಸಿಗುತ್ತವೆ.

ಎರಡನೆಯದು ಹಸಿವು. ಬೆಳೆ ಹೂ ಬಿಡುವುದು ವರ್ಷದಲ್ಲಿ ಎರಡು ಮೂರು ವಾರ. ಜೇನಿಗೆ ವರ್ಷವಿಡೀ ಊಟ ಬೇಕು. ಎರಡು ವಾರ ಕೂಲಿಗೆ ಕರೆದು ಉಳಿದ ದಿನ ಉಪವಾಸ ಕೆಡವಿದರೆ ಯಾವ ಕೂಲಿಯವನು ಮುಂದಿನ ವರ್ಷ ಬಂದಾನು? ಹಿಂದೆ ನಮ್ಮ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಹೂ ಬಿಡುತ್ತಿತ್ತು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಮುತ್ತಿಕೊಳ್ಳುತ್ತಿತ್ತು. ಬದುವಿನ ಮೇಲೆ ತುಂಬೆ ಇರುತ್ತಿತ್ತು, ಹೊಂಗೆ ಇರುತ್ತಿತ್ತು. ಇಂದು ಎಷ್ಟೋ ಕಡೆ ಹೊಲದ ತುಂಬ ಮೆಕ್ಕೆಜೋಳ ಒಂದೇ. ಬದುವಿನ ಮೇಲೆ ಕಳೆನಾಶಕ. ಕೀಟಕ್ಕೆ ಅಂಥ ಹೊಲದಲ್ಲಿ ತಿನ್ನಲು ಏನೂ ಇಲ್ಲ.

ಮೂರನೆಯದು ಮನೆ. ಜೇನು ಎಂದರೆ ಪೆಟ್ಟಿಗೆಯಲ್ಲೋ ಮರದಲ್ಲೋ ಇರುವುದು ಎಂದುಕೊಂಡಿದ್ದೇವೆ. ಜಗತ್ತಿನಲ್ಲಿ ಸುಮಾರು 20 ಸಾವಿರ ಬಗೆಯ ಜೇನುಗಳಿವೆ. ಅವುಗಳಲ್ಲಿ ಬಹುಪಾಲು ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಮುಜಂಟಿ ಜೇನು ಮಣ್ಣಿನ ಗೋಡೆಯ ಸಂದಿಯಲ್ಲಿ ಸಂಸಾರ ಹೂಡುತ್ತದೆ. ಕಪ್ಪು ದುಂಬಿಗೆ ಒಣ ಕೊಂಬೆ ಬೇಕು, ಬಿದಿರು ಬೇಕು. ಹೆಜ್ಜೇನಿಗೆ ಎತ್ತರದ ಹಳೆಯ ಮರ ಬೇಕು. ನಾವು ಅಂಗಳಕ್ಕೆ ಸಿಮೆಂಟು ಹಾಕಿದೆವು. ಮಣ್ಣಿನ ಗೋಡೆ ತೆಗೆದೆವು. ಒಣಮರ ಕಂಡರೆ ಕಡಿದೆವು.

ನಾಲ್ಕನೆಯದು ರಾತ್ರಿಯ ಬೆಳಕು. ಎಲ್ಲ ಹೂವೂ ಬೆಳಿಗ್ಗೆ ಅರಳುವುದಿಲ್ಲ. ಬೆಂಗಳೂರು, ಮೈಸೂರಿನ ರಸ್ತೆ ಬದಿಯ ಆಕಾಶಮಲ್ಲಿಗೆ ಮರವನ್ನು ನೆನೆಯಿರಿ. ಅದರ ಬಿಳಿಯ ಹೂವಿಗೆ ಉದ್ದನೆಯ ಕೊಳವೆ ಇದೆ, ಅದು ರಾತ್ರಿ ಅರಳಿ ಪರಿಮಳ ಬೀರುತ್ತದೆ. ಅದು ಕಾಯುವುದು ಉದ್ದ ನಾಲಿಗೆಯ ಇರುಳು ಪತಂಗಗಳನ್ನು. ಆ ಪತಂಗ ಪಕ್ಕದ ದೀಪದ ಕಂಬಕ್ಕೆ ಹೋಗಿ ಬೆಳಗಿನವರೆಗೂ ಸುತ್ತುತ್ತದೆ. ಸ್ವಿಟ್ಜರ್‌ಲ್ಯಾಂಡಿನ ವಿಜ್ಞಾನಿಗಳು ಕತ್ತಲಿದ್ದ ಹುಲ್ಲುಗಾವಲುಗಳಲ್ಲಿ ದೀಪ ಇಟ್ಟು ಪರೀಕ್ಷಿಸಿದರು. ದೀಪವಿದ್ದ ಕಡೆ ರಾತ್ರಿ ಹೂವಿಗೆ ಬರುವ ಕೀಟಗಳು ಶೇಕಡ 60ಕ್ಕೂ ಹೆಚ್ಚು ಕಡಿಮೆಯಾದವು. ಮಳೆಗಾಲದ ಮುಂಚೆ ಮಲೆನಾಡಿನಲ್ಲಿ ಮಿನುಗುವ ಮಿಂಚುಹುಳುಗಳಿಗೂ ಇದೇ ಕಷ್ಟ. ಗಂಡು ಹೆಣ್ಣು ಒಂದನ್ನೊಂದು ಗುರುತಿಸುವುದು ಬೆಳಕಿನ ಸನ್ನೆಯಿಂದ. ನಮ್ಮ ದೀಪ ಆ ಸನ್ನೆಯನ್ನು ಅಳಿಸಿಹಾಕುತ್ತದೆ.

ವಿಷ, ಹಸಿವು, ಮನೆ, ಬೆಳಕು. ನಾಲ್ಕು ಕಾರಣಗಳನ್ನು ನೋಡಿದ್ದಾಯಿತು. ಪರಿಹಾರಕ್ಕೆ ಹೋಗುವ ಮೊದಲು ರೈತ ಬಂಧುಗಳ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಔಷಧಿ ಹೊಡೆಯದಿದ್ದರೆ ಬೆಳೆ ಉಳಿಯುವುದು ಹೇಗೆ? ಸಾಲ ತೀರಿಸುವವರು ಯಾರು? ನ್ಯಾಯವಾದ ಪ್ರಶ್ನೆ.

ಉತ್ತರವಾಗಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. 2008ರ ಹೊತ್ತಿಗೆ ತಮಿಳುನಾಡಿನ ಕೊಯಮತ್ತೂರು ಕಡೆ ಪಪ್ಪಾಯಿಗೆ ಒಂದು ಹೊಸ ಹಿಟ್ಟು ತಿಗಣೆ ಬಂತು. ಅದರ ತವರು ಮೆಕ್ಸಿಕೊ. ಬೇಗನೆ ಅದು ಕರ್ನಾಟಕಕ್ಕೂ ಹಬ್ಬಿತು. ಪಪ್ಪಾಯಿ, ದಾಸವಾಳ, ಹಿಪ್ಪುನೇರಳೆ, ಮರಗೆಣಸು ಯಾವುದನ್ನೂ ಬಿಡಲಿಲ್ಲ. ಎಲೆ, ಕಾಯಿಯ ಮೇಲೆಲ್ಲ ಬಿಳಿಯ ಹಿಟ್ಟು ಮೆತ್ತಿದಂತೆ ಕೂರುತ್ತಿತ್ತು. ಆ ಹಿಟ್ಟು ಮೇಣದಂಥದ್ದು. ಔಷಧಿ ಅದರೊಳಗೆ ಇಳಿಯುವುದು ಕಷ್ಟ. ರೇಷ್ಮೆ ಬೆಳೆಗಾರರಿಗಂತೂ ಔಷಧಿ ಹೊಡೆಯುವಂತೆಯೇ ಇಲ್ಲ. ಹೊಡೆದ ಸೊಪ್ಪು ತಿಂದರೆ ರೇಷ್ಮೆ ಹುಳುವೇ ಸಾಯುತ್ತದೆ. ಆಗ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ ಮುಂದೆ ಬಂತು. 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಬಗೆಯ ಪುಟ್ಟ ಕಣಜಗಳನ್ನು ತರಿಸಿತು. ಆ ಕಣಜ ಕಣ್ಣಿಗೆ ಕಾಣುವುದೇ ಕಷ್ಟ, ಅಷ್ಟು ಸಣ್ಣದು. ಅದು ಹಿಟ್ಟು ತಿಗಣೆಯ ಒಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸುತ್ತದೆ. ಪರೀಕ್ಷೆ ಮುಗಿಸಿ, ಸಾಕಿ, ರೈತರಿಗೆ ಹಂಚಿದರು. ಬಿಟ್ಟ ಕಡೆಯಲ್ಲೆಲ್ಲ ತಿಗಣೆ ಹತೋಟಿಗೆ ಬಂತು.

ಪೀಡೆಯನ್ನು ಹಿಡಿತದಲ್ಲಿ ಇಡುವವರೂ ಕೀಟಗಳೇ. ಗುಲಗಂಜಿ ಹುಳು ಸಸ್ಯಹೇನನ್ನು ತಿನ್ನುತ್ತದೆ. ಏರೋಪ್ಲೇನ್ ಚಿಟ್ಟೆ ಸೊಳ್ಳೆಯನ್ನು ಹಿಡಿಯುತ್ತದೆ. ಕಂಡದ್ದಕ್ಕೆಲ್ಲ ಔಷಧಿ ಹೊಡೆದರೆ ಮೊದಲು ಸಾಯುವುದು ಈ ಕಾವಲುಗಾರರು. ಪೀಡೆ ಬೇಗ ಮರಳುತ್ತದೆ, ಕಾವಲುಗಾರರು ತಡವಾಗಿ ಮರಳುತ್ತಾರೆ. ಮತ್ತೆ ಔಷಧಿ, ಮತ್ತೆ ಖರ್ಚು. ಔಷಧಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೂವಿನ ಹೊತ್ತಿನಲ್ಲಿ ಬೇಡ, ಲೆಕ್ಕವಿಲ್ಲದೆ ಬೇಡ ಎಂದು ಹೇಳುತ್ತಿದ್ದೇನೆ.

ಈಗ ಮಾಡಬೇಕಾದ ಕೆಲಸಗಳು. ಸಾಧ್ಯವಾದರೆ ಬರೆದುಕೊಳ್ಳಿ.

ರೈತ ಬಂಧುಗಳಿಗೆ ನಾಲ್ಕು ಮಾತು. ಒಂದು, ಬೆಳೆ ಹೂವಿನಲ್ಲಿದ್ದಾಗ ಔಷಧಿ ಹೊಡೆಯಬೇಡಿ. ಹೊಡೆಯಲೇಬೇಕಾಗಿ ಬಂದರೆ ಬೆಳಿಗ್ಗೆ ಬೇಡ. ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ. ಪಕ್ಕದಲ್ಲಿ ಜೇನುಪೆಟ್ಟಿಗೆ ಇಟ್ಟವರಿಗೆ ಹಿಂದಿನ ದಿನವೇ ತಿಳಿಸಿ. ಅಂತರ್ವ್ಯಾಪಿ ಔಷಧಿಗೆ ಸಂಜೆಯ ಉಪಾಯವೂ ನಡೆಯದು, ಏಕೆಂದರೆ ವಿಷ ಹೂವಿನೊಳಗೇ ಇರುತ್ತದೆ. ಹೂ ಬಿಡುವ ಸಮಯ ಹತ್ತಿರವಾದಾಗ ಅದನ್ನು ಮುಟ್ಟಬೇಡಿ. ಎರಡು, ಹೊಡೆಯುವ ಮುಂಚೆ ಎಣಿಸಿ. ಹೊಲದ ನಾಲ್ಕು ಮೂಲೆ ಮತ್ತು ನಡುವೆ ಗಿಡಗಳನ್ನು ನೋಡಿ. ನಷ್ಟದ ಮಟ್ಟ ಮುಟ್ಟಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಔಷಧಿ ಮಾರುವವರ ಮಾತೊಂದನ್ನೇ ನೆಚ್ಚಬೇಡಿ. ಮೂರು, ಅಕ್ಕಡಿ ಸಾಲನ್ನು ಮರಳಿ ತನ್ನಿ. ಹೊಲದ ಸುತ್ತ ನಾಲ್ಕು ಸಾಲು ಹುಚ್ಚೆಳ್ಳು, ಸಾಸಿವೆ ಬಿತ್ತಿದರೂ ಸಾಕು. ಬದುವಿನ ಮೇಲೆ ಹೊಂಗೆ, ನೇರಳೆ, ನುಗ್ಗೆ ಇರಲಿ. ನಾಲ್ಕು, ಬದುವಿಗೆ ಕಳೆನಾಶಕ ಬೇಡ. ಬದುವಿನ ಮಣ್ಣನ್ನು ವರ್ಷವರ್ಷ ಕೆದಕದೆ ಬಿಡಿ. ಅದು ಒಂಟಿ ಜೇನುಗಳ ಊರು.

ಪಟ್ಟಣದಲ್ಲಿರುವವರಿಗೆ ಮೂರು ಮಾತು. ಒಂದು, ಹತ್ತು ಅಡಿ ಜಾಗವಿದ್ದರೆ ಒಂದೆರಡು ಅಡಿ ಮಣ್ಣು ಬಿಡಿ. ಕುಂಡದಲ್ಲಾದರೆ ತುಳಸಿ, ಕರಿಬೇವು ಇರಲಿ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪು ಚುಕ್ಕೆ ಕಂಡರೆ ಕೂಡಲೇ ತೆಗೆದು ಹಾಕಬೇಡಿ. ಅದು ನಿಂಬೆ ಚಿಟ್ಟೆಯ ಮರಿಹುಳು. ಬೆಳೆದ ಮೇಲೆ ಹಸಿರಾಗುತ್ತದೆ, ನಾಲ್ಕಾರು ಎಲೆ ತಿನ್ನುತ್ತದೆ, ಕೋಶ ಕಟ್ಟಿ ಚಿಟ್ಟೆಯಾಗುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಎರಡು, ಅಪಾರ್ಟ್‌ಮೆಂಟಿನ ತಾರಸಿಯ ಕೆಳಗೆ ಹೆಜ್ಜೇನು ಕಟ್ಟಿದರೆ ಬೆಂಕಿ ಹಾಕಿಸಬೇಡಿ, ವಿಷ ಹೊಡೆಸಬೇಡಿ. ಕೆಣಕದಿದ್ದರೆ ಅದು ಸಾಮಾನ್ಯವಾಗಿ ತಾನಾಗಿ ಕಚ್ಚಲು ಬರುವುದಿಲ್ಲ. ಕೆಲವು ತಿಂಗಳಿದ್ದು ತಾನೇ ವಲಸೆ ಹೋಗುತ್ತದೆ. ಜನ ಓಡಾಡುವ ಕಡೆ ಕಟ್ಟಿ ಅಪಾಯವೆನಿಸಿದರೆ ಜೇನಿನ ಕೆಲಸ ಬಲ್ಲವರನ್ನು ಕರೆಸಿ, ಕೊಲ್ಲದೆ ಸಾಗಿಸಲು ಹೇಳಿ. ಮೂರು, ಬೇಡದ ದೀಪ ಆರಿಸಿ. ಅಂಗಳದ ದೀಪ ಕೆಳಮುಖವಾಗಿರಲಿ. ಬೆಳ್ಳನೆಯ ಬೆಳಕಿಗಿಂತ ಹಳದಿ ಬೆಳಕು ಕೀಟಗಳನ್ನು ಕಡಿಮೆ ಸೆಳೆಯುತ್ತದೆ.

ಕೊನೆಯದಾಗಿ ಗ್ರಾಮ ಪಂಚಾಯಿತಿಗಳಿಗೆ, ನಗರಸಭೆಗಳಿಗೆ, ಶಾಲೆಗಳಿಗೆ. ರಸ್ತೆ ಬದಿಯಲ್ಲಿ ನೆಡುವ ಗಿಡ ಜೇನಿಗೆ ಊಟ ಕೊಡುವಂಥದ್ದಾಗಿರಲಿ. ಹೊಂಗೆ, ಬೇವು, ಹುಣಸೆ, ನೇರಳೆ ನಮ್ಮ ನೆಲದವೇ, ಇಲ್ಲವೇ ನಮ್ಮ ನೆಲಕ್ಕೆ ಎಂದೋ ಒಗ್ಗಿದವು. ಹೆಜ್ಜೇನು ವರ್ಷವರ್ಷ ಬಂದು ಕೂರುವ ದೊಡ್ಡ ಮರಗಳನ್ನು ಗುರುತಿಸಿ ಉಳಿಸಿ. ಕೆರೆಗೆ ಕೊಳಚೆ ಬಿಡಬೇಡಿ. ಶಾಲೆಯ ಮಕ್ಕಳು ತಿಂಗಳಿಗೊಮ್ಮೆ ಒಂದೇ ಗಿಡದ ಹತ್ತಿರ ಹತ್ತು ನಿಮಿಷ ನಿಂತು ಬಂದ ಕೀಟಗಳನ್ನು ಎಣಿಸಿ ಬರೆದಿಡಲಿ. ಕ್ರೆಫೆಲ್ಡಿನಲ್ಲಿ ಆ ಕೆಲಸ ಮಾಡಿದ್ದು ಆಸಕ್ತರ ಒಂದು ಸಂಘ. ನಮ್ಮಲ್ಲಿ ಅದನ್ನು ಮಕ್ಕಳು ಶುರು ಮಾಡಬಹುದು. ಹತ್ತು ವರ್ಷದ ಮೇಲೆ ಆ ಪುಸ್ತಕ ಊರಿನ ಆಸ್ತಿಯಾಗುತ್ತದೆ.

ಆಗಲೇ ನೆನಪಿಟ್ಟುಕೊಳ್ಳಿ ಎಂದ ಮಾತಿಗೆ ಈಗ ಬರುತ್ತೇನೆ. ನೀರು ಶುದ್ಧವಾದಾಗ ನೀರಿನ ಕೀಟಗಳು ಮರಳಿ ಬಂದವು. ತುಡುವೆ ರೋಗದಿಂದ ಚೇತರಿಸಿತು. ಕೀಟಗಳ ಆಯುಸ್ಸು ಚಿಕ್ಕದು, ಸಂತಾನ ದೊಡ್ಡದು. ಹುಲಿ, ಆನೆಗಳು ಹೆಚ್ಚಲು ದಶಕಗಳು ಬೇಕು. ಎಷ್ಟೋ ಕೀಟಗಳಿಗೆ ಎರಡು ಮೂರು ಮಳೆಗಾಲ ಸಾಕು. ಊಟ, ಮನೆ, ವಿಷವಿಲ್ಲದ ಬೆಳಗು, ದೀಪವಿಲ್ಲದ ಇರುಳು ಕೊಟ್ಟರೆ ಅವು ಬರುತ್ತವೆ.

ನಿಮ್ಮ ಬೆಳೆ ಹೂ ಬಿಟ್ಟ ದಿನದಿಂದ ಹೂ ಮುಗಿಯುವ ದಿನದವರೆಗೆ ಬೆಳಗಿನ ಹೊತ್ತು ನಿಮ್ಮ ಹೊಲಕ್ಕೆ ಔಷಧಿಯ ಪಂಪು ಹೋಗದಿರಲಿ. ಈ ಹಂಗಾಮಿನಿಂದಲೇ ಇಷ್ಟನ್ನು ಪಾಲಿಸಿ. ಪಕ್ಕದ ಹೊಲದವರಿಗೂ ಹೇಳಿ.